ಬಸಳೆ ಬಳ್ಳಿಗೆ ಮದುವೆ ಚಪ್ಪರ

ನೊಣವಿನಕೆರೆಯಲ್ಲಿ ಬಸ್ಸು ಇಳಿದು ಕಾಲುಹಾದಿ ಹಿಡಿದರೆ ಸಿಗುವ ಯಾವ ಹಳ್ಳಿಗಾದರೂ ಹೋಗಿ, ಯಾವ ಮನೆಗಾದರೂ ಹೋಗಿ. ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ ಇರುತ್ತದೆ. ಹಿತ್ತಲಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ ಇರುತ್ತದೆ. ಕೊಟ್ಟಿಗೆಯಲ್ಲಿ ಹಸು ಇರುತ್ತದೆ. ಆಮೇಲೆ ಒಲೆಯ ಹತ್ತಿರ ಹೋಗಿ, ಇವತ್ತು ಏನು ಸಾರು ಎಂದು ಕೇಳಿ. ಹುರುಳಿ ಸಾರು. ನಿನ್ನೆ? ಹುರುಳಿ ಸಾರು. ನಾಳೆ? ನಾಳೆಯದು ನಾಳೆ ನೋಡೋಣ, ಸಂತೆ ಇನ್ನೂ ದೂರ ಇದೆ.

ಬೆಟ್ಟಸ್ವಾಮಿಯ ಮನೆಯೂ ಹೀಗೆಯೇ ಇತ್ತು. ತೋಟ ಚೆನ್ನಾಗಿತ್ತು. ಪಂಪ್‌ಸೆಟ್ ಇತ್ತು. ಮನೆಯಲ್ಲಿ ಬೆಟ್ಟಸ್ವಾಮಿ, ಹೆಂಡತಿ ಸುವರ್ಣಮ್ಮ, ಮಗ ತೋಂಟದಾರ್ಯ ಮತ್ತು ಸೊಸೆ ಸರ್ವಮಂಗಳ. ಸೊಸೆ ನಾಲ್ಕು ತಿಂಗಳ ಬಸುರಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಅವಳ ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ ಆಗಬೇಕಿತ್ತು.

ಆರೋಗ್ಯ ಕೇಂದ್ರದ ನರ್ಸು ಅಂಕಮ್ಮ ಒಂದು ಬೆಳಿಗ್ಗೆ ಬಂದು ಸರ್ವಮಂಗಳಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದ ಹಾಗಿತ್ತು.

"ಏನು ತಿಂತೀಯಮ್ಮ?"

"ಮುದ್ದೆ."

"ಮುದ್ದೆ ಜೊತೆಗೆ?"

"ಸಾರು."

"ಸಾರಿನೊಳಗೆ?"

ಸರ್ವಮಂಗಳ ಅತ್ತೆಯ ಮುಖ ನೋಡಿದಳು. ಸುವರ್ಣಮ್ಮ ತಾನೇ ಹೇಳಿದಳು: "ಸಾರಿನೊಳಗೆ ಇನ್ನೇನಿರ್ತೈತೆ ನರ್ಸಮ್ಮ, ಸಾರೇ ಇರ್ತೈತೆ. ಕಾಯಿ ಮಾತ್ರ ಕೈ ಬಿಟ್ಟು ಹಾಕ್ತೀವಿ. ಕಾಯಿಗೇನು ನಮ್ಮನೇಲಿ ಬರವಾ?"

"ಕಾಯಿ ಹಾಕಿ, ಬೇಡ ಅನ್ನಲ್ಲ. ಕಾಯಿಂದ ರಕ್ತ ಆಗಲ್ಲ. ಇವಳ ಮೈಯಲ್ಲಿ ರಕ್ತ ಇಲ್ಲ. ಹೆರಿಗೇಲಿ ಎಲ್ಲರಿಗೂ ವಸಿ ರಕ್ತ ಹೋಗೇ ಹೋಗ್ತದೆ. ಇದ್ದೋರು ತಡ್ಕೋತಾರೆ. ಇವಳು ತಡ್ಕೊಳ್ಳಲ್ಲ. ನಿಮಗೆ ಅರ್ಥ ಆಗೋ ಹಾಗೆ ಹೇಳ್ತಿದೀನಿ, ಆಮೇಲೆ ನನ್ನ ಮುಂದೆ ಎದೆ ಬಡ್ಕೊಂಡು ಅಳಬೇಡಿ."

ಅಂಕಮ್ಮ ಕಬ್ಬಿಣದ ಗುಳಿಗೆ ಕೊಟ್ಟರು. ದಿನಕ್ಕೊಂದು ನುಂಗಬೇಕು, ನುಂಗಿದ ಕೂಡಲೇ ಕಾಫಿ ಕುಡಿಯಬಾರದು, ಗುಳಿಗೆಯಿಂದ ಮಲ ಕಪ್ಪಗಾದರೆ ಹೆದರಿ ಬಿಡಬಾರದು ಎಂದರು. ಗುಳಿಗೆಯ ಜೊತೆಗೆ ದಿನಾ ಒಂದು ಹಿಡಿ ಸೊಪ್ಪು ಬೇಯಿಸಿ ತಿನ್ನಿಸಬೇಕು, ಅದಕ್ಕೆ ನಿಂಬೆಹಣ್ಣು ಹಿಂಡಬೇಕು ಎಂದರು.

ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಬೆಟ್ಟಸ್ವಾಮಿ ಆ ಕಡೆಯಿಂದಲೇ ಕೂಗಿದ. "ದಿನಾ ಸೊಪ್ಪು ಹಾಕೋಕೆ ನಮ್ಮ ಸೊಸೆ ಏನು ಮೇಕೆನಾ ಅಂಕಮ್ಮೋರೆ? ಸಂತೇಲಿ ಒಂದು ಕಟ್ಟು ತತ್ತೀನಿ ಬುಡಿ."

"ಸಂತೆ ಸೊಪ್ಪು ಮಾರನೇ ದಿನಕ್ಕೆ ಬಾಡ್ತದೆ ಯಜಮಾನ್ರೆ. ಮಿಕ್ಕ ದಿನ?"

"ಮಿಕ್ಕ ದಿನ ಹುರುಳಿ ಐತಲ್ಲ!"

ನಮ್ಮ ಕಡೆಯ ತೋಟಗಾರರ ರೋಗ ಇದು. ತೋಟ ಎಂದರೆ ತೆಂಗು. ತೆಂಗು ಬಿಟ್ಟು ಬೇರೆ ಏನನ್ನಾದರೂ ಕೈಯಿಂದ ನೆಟ್ಟರೆ ಮರ್ಯಾದೆ ಕಡಿಮೆಯಾಗುತ್ತದೆ. ಸೊಪ್ಪು ಬೆಳೆಯುವವರು ಬೇರೆ ಜನ, ನಾವು ಕೊಳ್ಳುವವರು. ಕೊಳ್ಳುವುದಾದರೂ ಎಷ್ಟು? ವಾರಕ್ಕೆ ಒಂದು ಕಟ್ಟು, ಅದರಲ್ಲಿ ಅರ್ಧ ಕೊಳೆತದ್ದು.

ಸುವರ್ಣಮ್ಮನಿಗೆ ಭಯವಾಯಿತು. ಅವಳು ಗಂಡನನ್ನು ಕೇಳದೆ ಪಕ್ಕದ ಮನೆಯ ಸಿದ್ದಗಂಗಮ್ಮನಿಂದ ದಂಟಿನ ಬೀಜ, ಬಸಳೆಯ ತುಂಡು ತಂದಳು. ತಂದವಳು ಎಲ್ಲಿ ಹಾಕಬೇಕು ಎಂದು ಕೇಳಲಿಲ್ಲ. ತೆಂಗಿನ ಬುಡದ ಪಾತಿಗೆ ಹೇಗೂ ನೀರು ಬರುತ್ತದಲ್ಲ ಎಂದು ಅಲ್ಲೇ ಹಾಕಿದಳು. ಕರೆಂಟು ಬಂದ ದಿನ ಬೆಟ್ಟಸ್ವಾಮಿ ಪಾತಿ ತುಂಬ ನೀರು ಬಿಟ್ಟ. ದಂಟು ಮುಳುಗಿ ಕೊಳೆಯಿತು. ಉಳಿದದ್ದನ್ನು ಬೇರೆಯವರ ಮನೆಯ ಕೋಳಿ ಬಂದು ಕೆದಕಿ ಮುಗಿಸಿತು. ಬಸಳೆಯ ಒಂದು ಬಳ್ಳಿ ಮಾತ್ರ ಹಟ ಹಿಡಿದು ತೆಂಗಿನ ಮರಕ್ಕೆ ಸುತ್ತಿಕೊಂಡು, ಬಿಸಿಲು ಹುಡುಕುತ್ತಾ ಮೇಲೆ ಮೇಲೆ ಹೋಯಿತು. ಎಲೆಗಳೆಲ್ಲ ಆಳೆತ್ತರದ ಮೇಲೆ.

"ಈಗ ಸೊಪ್ಪು ಕೊಯ್ಯೋಕೂ ಮರ ಹತ್ತೋನನ್ನ ಕರೆಸ್ಬೇಕೇನೇ?" ಎಂದು ಬೆಟ್ಟಸ್ವಾಮಿ ನಕ್ಕ. ಹೆಂಡತಿ ತಪ್ಪು ಮಾಡಿದಾಗ ನಗುವುದಕ್ಕೆ ಅವನಿಗೆ ಯಾವಾಗಲೂ ಪುರುಸೊತ್ತು ಇರುತ್ತಿತ್ತು.

ಸುವರ್ಣಮ್ಮ ಸಿದ್ದಗಂಗಮ್ಮನನ್ನು ಕರೆದು ತೋರಿಸಿದಳು. ಸಿದ್ದಗಂಗಮ್ಮ ಮಹಿಳಾ ಮಂಡಳಿಯಲ್ಲಿದ್ದವಳು. ಗ್ರಾಮಸೇವಕಿ ತೋರಿಸಿಕೊಟ್ಟದ್ದನ್ನು ಮನೆಗೆ ಬಂದು ಮಾಡಿ, ಎರಡು ಸಲ ಕೆಡಿಸಿ, ಮೂರನೆಯ ಸಲ ಸರಿಮಾಡಿಕೊಂಡವಳು. ಬಾಯಿ ಸ್ವಲ್ಪ ಜೋರು.

"ನಿನಗೆ ತುಂಡು ಕೊಟ್ಟಾಗ ನಾನು ಏನಂದೆ?"

"ಏನೂ ಅನ್ನಲಿಲ್ಲ ಕಣಕ್ಕ."

"ಹೌದಾ? ಹಂಗಾದ್ರೆ ನಂದೂ ತಪ್ಪೇ. ಈ ನೆರಳಲ್ಲಿ ಹಾಕ್ತೀಯ ಅಂತ ನನಗೆ ಕನಸು ಬಿದ್ದಿತ್ತಾ? ಬೆಟ್ಟಣ್ಣಾ, ಬಾ ಇಲ್ಲಿ. ನೀನೂ ಬಾ. ನಮ್ಮ ಹಿತ್ತಲು ಒಂದು ಸಲ ನೋಡು. ನೆಲಕ್ಕಿಂತ ಮಣ್ಣು ಎತ್ತರ ಮಾಡಿ ಮಡಿ ಕಟ್ಟಿದೀನಿ. ನೀರು ನಿಲ್ಲಲ್ಲ. ಮಡಿ ಅಂಚಿಗೆ ಬಳ್ಳಿ ಹತ್ತೋಕೆ ಹುರೀಲಿ ಹೆಣೆದು ನಿಲ್ಲಿಸಿದೀನಿ, ಚಪ್ಪರದ ಥರ…"

ಅವಳು ಆ ಕೊನೆಯ ಮಾತು ಆಡಬಾರದಿತ್ತು. 'ಚಪ್ಪರ' ಎಂದದ್ದೇ ತಡ, ಬೆಟ್ಟಸ್ವಾಮಿ ಎದ್ದು ನಿಂತ.

ಅದಕ್ಕೆ ಕಾರಣವಿದೆ. ಸುತ್ತಿನ ಊರುಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಚಪ್ಪರಕ್ಕೆ ಬೆಟ್ಟಸ್ವಾಮಿಗೆ ಹೇಳಿಕಳಿಸುತ್ತಿದ್ದರು. ಕಂಬ ಎಲ್ಲಿ ನೆಡಬೇಕು, ಗರಿ ಯಾವ ಕಡೆಗೆ ತಲೆ ಮಾಡಿ ಹಾಸಬೇಕು, ಒಂದು ಚುಕ್ಕೆ ಬಿಸಿಲೂ ಬೀಳದ ಹಾಗೆ ಹೇಗೆ ಹೆಣೆಯಬೇಕು, ಎಲ್ಲದರಲ್ಲೂ ಅವನ ಮಾತೇ ಕೊನೆ. ಅಂಥವನಿಗೆ ಒಬ್ಬ ಹೆಂಗಸು ಚಪ್ಪರ ತೋರಿಸುತ್ತೇನೆ ಬಾ ಎಂದಳು.

"ಚಪ್ಪರಾನ ನಂಗೆ ತೋರಿಸ್ತೀಯಾ ಗಂಗಮ್ಮ?"

"ಚಪ್ಪರ ಅಲ್ಲ ಕಣಣ್ಣ, ಚಪ್ಪರದ ಥರ. ಬಲೆ ಅದು. ನಿಂತ್ಕೊಂಡಿರ್ತೈತೆ. ಬಂದು ನೋಡು ಅಂದ್ರೆ…"

"ನೋಡೋದೇನು ಅದ್ರಾಗೆ? ಮಡಿ ಎತ್ತರ ಮಾಡೋದು, ಚಪ್ಪರ ಹಾಕೋದು. ತಾನೆ? ನಾಳೆ ಬಾ, ನಾನು ತೋರಿಸ್ತೀನಿ ಚಪ್ಪರ ಅಂದ್ರೆ ಏನು ಅಂತ."

ಪಕ್ಕದ ಹಿತ್ತಲು. ನಡುವೆ ಒಂದು ಮೋಟು ಗೋಡೆ. ಕತ್ತು ಎತ್ತಿದ್ದರೆ ಕಾಣುತ್ತಿತ್ತು. ಅವನು ಎತ್ತಲಿಲ್ಲ.

ಹಿತ್ತಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ ಇದ್ದದ್ದು ಒಂದೇ, ಮಟ್ಟೆ ರಾಶಿ ಹಾಕಿದ್ದ ಕಡೆ. ಅಜ್ಜನ ಕಾಲದಿಂದ ಮಟ್ಟೆ ಅಲ್ಲೇ ಬೀಳುತ್ತಿತ್ತು. ಅದನ್ನು ಅಲ್ಲಾಡಿಸುವುದಕ್ಕೆ ಬೆಟ್ಟಸ್ವಾಮಿ ಒಪ್ಪಿದ್ದೇ ಆಶ್ಚರ್ಯ. ಮಗ ತೋಂಟದಾರ್ಯ ಮಟ್ಟೆಯನ್ನೆಲ್ಲ ಗೋಡೆಯ ಪಕ್ಕಕ್ಕೆ ಸಾಗಿಸಿದ, ಮಣ್ಣು ಎತ್ತರಿಸಿ ಎರಡು ಮಡಿ ಕಟ್ಟಿದ. ಇಷ್ಟರವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಅಪ್ಪ ಕೈ ಹಾಕಿದ. ಮಡಿಗಳ ನಾಲ್ಕೂ ಮೂಲೆಗೆ ಕಲ್ಲುಕಂಬ ನೆಡಿಸಿದ. ಅಡಿಕೆ ದಬ್ಬೆ ಅಡ್ಡ ಕಟ್ಟಿಸಿದ. ತೋಟದಿಂದ ಹಸಿ ಗರಿ ಕಡಿಸಿ ತಂದು, ಸಾಲಾಗಿ ಹೆಣೆದು, ಮೇಲೆ ಹೊದಿಸಿದ. ಕಂಬಕ್ಕೆ ಬಾಳೆ ಕಟ್ಟುವುದೊಂದು ಬಾಕಿ. ಒಂದು ಚುಕ್ಕೆ ಬಿಸಿಲು ಒಳಗೆ ಬೀಳುತ್ತಿರಲಿಲ್ಲ. ಊರಿಗೆಲ್ಲ ಸುಡುವ ಬಿಸಿಲಿದ್ದರೂ ಬೆಟ್ಟಸ್ವಾಮಿಯ ಮಡಿಗಳಲ್ಲಿ ಗುಡಿಯ ಒಳಗಿನ ತಂಪು.

ದಾರಿಯಲ್ಲಿ ಹೋಗುತ್ತಿದ್ದ ಮರುಳಸಿದ್ದಯ್ಯ ನಿಂತು ನೋಡಿದ. ಅವನು ಬೆಟ್ಟಸ್ವಾಮಿಯ ಹಳೆಯ ಗೆಳೆಯ.

"ಯಾರದಪ್ಪಾ ಮದುವೆ?"

"ಬಸಳೇದು ಕಣ್ಲಾ."

"ಗಂಡು ಯಾವೂರು?"

"ನಗು ನಗು. ಬಳ್ಳಿ ಹಬ್ಬಿದ ಮ್ಯಾಲೆ ಬಾ, ಊಟ ಹಾಕಿಸ್ತೀನಿ."

ಸಿದ್ದಗಂಗಮ್ಮ ಮೋಟು ಗೋಡೆಯ ಆ ಕಡೆಯಿಂದ ನೋಡಿ ಹಣೆ ಚಚ್ಚಿಕೊಂಡಳು. "ಅಲ್ಲಾ ಬೆಟ್ಟಣ್ಣ, ಮಟ್ಟೆ ರಾಶಿ ತೆಗೆಸಿದ್ದು ಬಿಸಿಲಿಗೆ ಅಂತ. ಆ ಬಿಸಿಲನ್ನೇ ಮುಚ್ಚಿದೀಯಲ್ಲ! ಗಿಡ ಏನು ತಿಂತೈತೆ?"

"ಗೊಬ್ಬರ ತಿಂತೈತೆ. ನೀರು ಕುಡೀತೈತೆ. ಎಳೇ ಗಿಡಕ್ಕೆ ಬಿಸಿಲು ತಡೆಯಲ್ಲ ಕಣಮ್ಮ, ಬಾಡ್ತೈತೆ. ನಿಂಗೆ ಗೊತ್ತಾಗಲ್ಲ, ಸುಮ್ಕಿರು."

"ನನ್ನ ಗಿಡ ಬಿಸಿಲಲ್ಲೇ ಐತಲ್ಲ!"

"ನಿಂದು ಬೇರೆ ಜಾತಿ ಗಿಡ."

ಅವಳದೇ ಗಿಡದ ತುಂಡು ಅದು. ಇಂಥವರ ಜೊತೆ ಏನು ಮಾತಾಡುವುದು?

ಸುವರ್ಣಮ್ಮ ಮತ್ತೆ ಬಿತ್ತಿದ್ದ ದಂಟಿನ ಬೀಜ ಮೊಳೆತವು. ಮೊಳೆತು, ಬಿಳಿಚಿಕೊಂಡು, ದಾರದ ಹಾಗೆ ಉದ್ದುದ್ದ ಬೆಳೆದು ಒಂದರ ಮೇಲೊಂದು ಮಲಗಿದವು. ಬಸಳೆ ಮೇಲೆ ಹತ್ತಲು ಏನೂ ಸಿಗದೆ ಒದ್ದೆ ನೆಲದ ಮೇಲೆ ಹರಿದು, ಮಣ್ಣು ತಾಗಿದ ಎಲೆಗಳು ಕಪ್ಪಾದವು. ಚಪ್ಪರ ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬಂತು. ಮಧ್ಯಾಹ್ನದ ಹೊತ್ತು ಮರುಳಸಿದ್ದಯ್ಯ ಮತ್ತಿಬ್ಬರು ಬಂದು ಎರಡು ಮಡಿಗಳ ನಡುವೆ ಚಾಪೆ ಹಾಸಿ ಚೌಕಾಬಾರ ಆಡುತ್ತಿದ್ದರು. ಬೆಟ್ಟಸ್ವಾಮಿ ಎಮ್ಮೆಯನ್ನೂ ತಂದು ಒಂದು ಕಂಬಕ್ಕೆ ಕಟ್ಟಿದ. ಅದು ಉಳಿದಿದ್ದ ನಾಲ್ಕು ದಂಟನ್ನು ತಿಂದಿತು. ಆ ಮನೆಯಲ್ಲಿ ಸೊಪ್ಪು ಕಂಡದ್ದು ಆ ಎಮ್ಮೆ ಒಂದೇ.

ಸೊಸೆ ಹುರುಳಿ ಸಾರು ತಿನ್ನುತ್ತಲೇ ಇದ್ದಳು. ಗುಳಿಗೆಯನ್ನೂ ಅರ್ಧಕ್ಕೆ ಬಿಟ್ಟಿದ್ದಳು. ಮಲ ಕಪ್ಪಾಯಿತೆಂದು ಸುವರ್ಣಮ್ಮ ಹೆದರಿ ನಿಲ್ಲಿಸಿದ್ದಳು. ಅದರ ಬಗ್ಗೆ ಅಂಕಮ್ಮ ಮೊದಲೇ ಹೇಳಿದ್ದರು ಎಂಬುದು ಯಾರಿಗೂ ನೆನಪಿರಲಿಲ್ಲ.

ಒಂದು ದಿನ ಸರ್ವಮಂಗಳ ಎಮ್ಮೆಗೆ ನೀರು ತರುತ್ತಿದ್ದವಳು ಚಪ್ಪರದ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ಬಿಂದಿಗೆ ಉರುಳಿತು. ಗಂಡಸರು ಚೌಕಾಬಾರ ಬಿಟ್ಟು ಎದ್ದರು. ತೋಂಟದಾರ್ಯ ಓಡಿಬಂದು ಅವಳನ್ನು ಆ ಚಾಪೆಯ ಮೇಲೇ ಮಲಗಿಸಿದ. ಸಿದ್ದಗಂಗಮ್ಮ ಗೋಡೆ ಹಾರಿ ಬಂದಳು. ಅಂಕಮ್ಮ ಅಂದು ಮೇಲಿನ ಕೇರಿಯಲ್ಲೇ ಇದ್ದುದರಿಂದ ಬೇಗ ಸಿಕ್ಕರು.

ಅಂಕಮ್ಮ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಎದ್ದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಗುಳಿಗೆ?"

ಸುವರ್ಣಮ್ಮ ನೆಲ ನೋಡಿದಳು.

"ಸೊಪ್ಪು?"

ಎಲ್ಲರೂ ಮಡಿಯ ಕಡೆ ನೋಡಿದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

"ನಾನು ಯಾರಿಗೆ ಹೇಳಿದ್ದು? ಈ ಕಂಬಕ್ಕೆ ಹೇಳಿದ್ನಾ?" ಅಂಕಮ್ಮನ ದನಿ ಏರಿತು. "ಹೀಗೇ ಇದ್ರೆ ಈ ಹೆರಿಗೆ ನಾನು ಮುಟ್ಟಲ್ಲ. ತಿಪಟೂರಿನ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಅಲ್ಲೂ ರಕ್ತ ಬೇಕು ಅಂತಾರೆ, ಕೊಡೋಕೆ ಯಾರು ಬತ್ತೀರೋ ಈಗ್ಲೇ ಯೋಚನೆ ಮಾಡ್ಕೊಳ್ಳಿ. ಇನ್ನೂ ಮೂರು ತಿಂಗಳು ಐತೆ. ಮನಸ್ಸು ಮಾಡಿದ್ರೆ ಸರಿ ಹೋಗ್ತದೆ. ಮನಸ್ಸು ಮಾಡೋರು ಈ ಮನೇಲಿ ಯಾರವ್ರೆ?"

ಬೆಟ್ಟಸ್ವಾಮಿ ಏನಾದರೂ ಹೇಳಬೇಕಲ್ಲ ಎಂದು ಹೇಳಿದ: "ಏನೂ ಆಗಲ್ಲ ಬುಡಿ ಅಂಕಮ್ಮೋರೆ. ನೆರಳಾಗೆ ವಸಿ ಹೊತ್ತು ಮಲಗ್ಲಿ. ಎಂಥಾ ತಂಪು ನೋಡಿ ಇಲ್ಲಿ."

ಆಗ ಸರ್ವಮಂಗಳ ಮಾತಾಡಿದಳು. ಮದುವೆಯಾಗಿ ಬಂದಂದಿನಿಂದ ಅವಳು ಮಾವನ ಎದುರು ಬಾಯಿ ಬಿಟ್ಟವಳಲ್ಲ. ಮಲಗಿದ ಕಡೆಯಿಂದಲೇ, ಮೇಲಿನ ಗರಿ ನೋಡುತ್ತಾ ಹೇಳಿದಳು.

"ಮಾವ, ಈ ಚಪ್ಪರ ಹಿಂಗೇ ಇರ್ಲಿ, ಕೀಳ್ಬೇಡಿ. ಹೆರಿಗೇಲಿ ನಾನು ಹೋದ್ರೆ ಹೊಸದಾಗಿ ಹಾಕೋ ಕೆಲ್ಸ ಇರಲ್ಲ. ನನ್ನ ಇಲ್ಲೇ ಕೂರಿಸ್ಬೋದು."

ಅವರ ಕಡೆ ಸತ್ತವರನ್ನು ವಿಭೂತಿ ಹಚ್ಚಿ, ಹೂವು ಹಾಕಿ, ಚಪ್ಪರದ ಕೆಳಗೆ ಕೂರಿಸುತ್ತಾರೆ. ಅಲ್ಲಿದ್ದವರೆಲ್ಲ ಅಂಥ ಚಪ್ಪರಗಳ ಕೆಳಗೆ ನಿಂತು ಬಂದವರೇ. ಅವುಗಳನ್ನು ಹಾಕಿದವನೂ ಬೆಟ್ಟಸ್ವಾಮಿಯೇ.

"ಬಿಡ್ತು ಅನ್ನೇ! ಬಿಡ್ತು ಅನ್ನು!" ಎಂದು ಸುವರ್ಣಮ್ಮ ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಸರ್ವಮಂಗಳ ಅನ್ನಲಿಲ್ಲ. ಮರುಳಸಿದ್ದಯ್ಯ ಕವಡೆಗಳನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಮೆಲ್ಲಗೆ ಹೊರಟುಹೋದ.

ಸೊಸೆಯನ್ನು ಒಳಗೆ ಕರೆದುಕೊಂಡು ಹೋದರು. ಬೆಟ್ಟಸ್ವಾಮಿ ಅಲ್ಲೇ ನಿಂತಿದ್ದ. ಆಮೇಲೆ ಎಮ್ಮೆ ಬಿಚ್ಚಿ ಕೊಟ್ಟಿಗೆಗೆ ಕಟ್ಟಿ, ಕುಡುಗೋಲು ತಂದು, ಒಂದೊಂದೇ ಗರಿಯ ಕಟ್ಟು ಕೊಯ್ದು ಕೆಳಗೆಳೆದ. ಮಗ ಕೈ ಹಾಕಲು ಬಂದರೆ "ದೂರ ಇರು" ಎಂದ. ಗರಿ ಎಲ್ಲ ಬಿದ್ದ ಮೇಲೆ ಮಡಿಗಳ ಮೇಲೆ ಬಿಸಿಲು ಬಿತ್ತು. ಅವನು ಗೋಡೆಯ ಹತ್ತಿರ ಹೋಗಿ, ಅಂದು ಮೊದಲ ಸಲ ಕತ್ತು ಎತ್ತಿ ಪಕ್ಕದ ಹಿತ್ತಲು ನೋಡಿದ.

"ಗಂಗಮ್ಮ, ಬಾರಮ್ಮ ಇಲ್ಲಿ. ಅದೇನು ಅಂತ ಹೇಳು."

ಹೇಳು ಎಂದವನು ಸುಮ್ಮನೆ ಕೇಳಿದನೆಂದು ತಿಳಿಯಬೇಡಿ. ಒಂದೊಂದಕ್ಕೂ ವಾದ.

"ಮೊದ್ಲು ಮಡಿ," ಎಂದಳು ಸಿದ್ದಗಂಗಮ್ಮ. "ಇಷ್ಟು ಅಗಲ ಬೇಡ. ಎರಡೂ ಕಡೆಯಿಂದ ಕೈ ಚಾಚಿದ್ರೆ ನಡುವಿಗೆ ಎಟುಕಬೇಕು. ಮಡಿ ಒಳಗೆ ಕಾಲಿಡಂಗಿಲ್ಲ, ತುಳಿದ್ರೆ ಮಣ್ಣು ಗಟ್ಟಿಯಾಗ್ತೈತೆ. ಉದ್ದ ಎಷ್ಟಾದ್ರೂ ಇರ್ಲಿ, ಮೂಡಲಿಂದ ಪಡುವಲಿಗೆ ಇರ್ಲಿ."

"ಎತ್ತರ ಮಾಡಿದ ಮಣ್ಣು ಮಳೆಗೆ ಕೊಚ್ಚಿ ಹೋಗ್ತೈತಲ್ಲ, ಅದಕ್ಕೇನು ಮಾಡ್ತೀಯಾ? ಸೈಜುಗಲ್ಲು ತರಿಸ್ಲಾ?"

"ಕಲ್ಲು ಯಾಕಣ್ಣ? ಅಲ್ಲಿ ರಾಶಿ ಬಿದ್ದೈತಲ್ಲ, ಮಟ್ಟೆ. ಸುತ್ತ ಸಾಲಾಗಿ ಒತ್ತಾಗಿ ನಿಲ್ಲಿಸಿ ಅರ್ಧ ಹೂಳು. ಅದೇ ಅಂಚು. ತಳಕ್ಕೂ ಒಂದು ವರಸೆ ಹಾಸು, ಒಳಭಾಗ ಮ್ಯಾಲೆ ಮಾಡಿ. ನೀರು ಹಿಡ್ಕೊಂಡಿರ್ತೈತೆ."

"ಮಟ್ಟೆ ಹಂಡೆ ಒಲೆಗೆ ಬೇಕು."

"ಎಲ್ಲಾ ಬೇಡ ಕಣಣ್ಣ, ನಿನ್ನ ಹಂಡೆಗೂ ಉಳೀತೈತೆ!"

ಮಟ್ಟೆಯ ಮೇಲೆ ಕೆರೆಯ ತಳದ ಗೋಡು, ಹಿತ್ತಲ ಮಣ್ಣು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿ ತುಂಬಿದರು. ಗೋಡು ಒಂದನ್ನೇ ತುಂಬಿದರೆ ಒಣಗಿದಾಗ ಬಿರಿಯುತ್ತದೆ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ನೆಲಕ್ಕಿಂತ ಒಂದು ಗೇಣು ಮೇಲೆ ಬಂದರೆ ಸಾಕು.

ಆಮೇಲೆ ಬಲೆ. ನಾಲ್ಕು ಮೂಲೆಯ ಕಂಬಗಳಲ್ಲಿ ಬಡಗಣ ಕಡೆಯ ಎರಡನ್ನು ಮಾತ್ರ ಉಳಿಸಿ, ಮಿಕ್ಕ ಎರಡನ್ನು ಕಿತ್ತು ಇನ್ನೊಂದು ಮಡಿಯ ಬಡಗಣ ಅಂಚಿಗೆ ನೆಡಿ ಎಂದಳು ಸಿದ್ದಗಂಗಮ್ಮ. ತೆಂಕಣ ಕಡೆ ಬಲೆ ನಿಲ್ಲಿಸಿದರೆ ಬಳ್ಳಿಯ ನೆರಳೇ ಮಡಿಯ ಮೇಲೆ ಬೀಳುತ್ತದೆ, ಮತ್ತೆ ಅದೇ ಕತೆ. ಕಂಬದಿಂದ ಕಂಬಕ್ಕೆ, ಹೆಂಗಸು ಕೈ ಎತ್ತಿದರೆ ಎಟುಕುವಷ್ಟು ಮೇಲೆ, ದಪ್ಪ ಹಗ್ಗ. ಕೆಳಗೆ ಮಡಿಯ ಮಟ್ಟಕ್ಕೆ ಇನ್ನೊಂದು. ನಡುವೆ ತೆಳ್ಳನೆಯ ನಾರಿನ ಹುರಿಯಿಂದ ಹೆಣಿಗೆ.

ಹೆಣೆಯಲು ಕೂತವನು ತೋಂಟದಾರ್ಯ. ಅವನು ಹುರಿಯ ಉಂಡೆ ಬಿಚ್ಚಿ ಹಾಗೇ ಕಟ್ಟಲು ಹೋದ.

"ತಡಿ ತಡಿ. ಹುರೀನ ನೀರಲ್ಲಿ ನೆನೆಸಿದ್ಯಾ?"

"ಇಲ್ಲ."

"ನೆನೆಸಿ, ಮರದಿಂದ ಮರಕ್ಕೆ ಬಿಗಿಯಾಗಿ ಎಳೆದು ಕಟ್ಟಿ ಒಣಗಿಸು. ಆಮೇಲೆ ಹೆಣಿ. ಇಲ್ಲ ಅಂದ್ರೆ ಬಳ್ಳಿ ಭಾರ ಬಿದ್ದಾಗ ಜೋತು ಬೀಳ್ತೈತೆ. ಮೊದಲನೇ ಸಲ ನಂದು ಹಂಗೇ ಬಿತ್ತು."

ಬೆಟ್ಟಸ್ವಾಮಿಗೆ ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಜಗಳ. ಹತ್ತಿರ ಹತ್ತಿರ ಹೆಣೆದರೆ ಗಟ್ಟಿ ಎಂಬುದು ಅವನ ವಾದ.

"ನೀನು ಮೀನು ಹಿಡೀತೀಯಾ, ಬಳ್ಳಿ ಹತ್ತಿಸ್ತೀಯಾ?" ಎಂದಳು ಸಿದ್ದಗಂಗಮ್ಮ. "ಒಂದೊಂದು ಕಣ್ಣು ಗೇಣಗಲ ಇರ್ಬೇಕು. ಆ ಕಡೆ ಎಲೆ ಕಿತ್ತು, ಹಿಡಿ ತುಂಬಿದ ಕೈ ಈ ಕಡೆ ವಾಪಸ್ ಬರ್ಬೇಕು. ಕೈ ಸಿಕ್ಕಾಕ್ಕೊಂಡ್ರೆ ಹೆಂಗಸರು ನಿನ್ನ ಬೈತಾರೆ."

ಅಡ್ಡ ಹುರಿ, ಉದ್ದ ಹುರಿ ಸೇರುವ ಕಡೆಯೆಲ್ಲ ಗಂಟು ಹಾಕಿದರು. ಗಂಟಿಲ್ಲದೆ ಬರೀ ಸುತ್ತಿದರೆ ಗಾಳಿಗೆ ಒಂದು ಕಡೆ ಸರಿದು ಮುದ್ದೆಯಾಗುತ್ತದೆ. ಕಂಬಗಳಿಗೆ ಹೊರಗಡೆಯಿಂದ ಓರೆ ಹಗ್ಗ ಎಳೆದು ಗೂಟಕ್ಕೆ ಬಿಗಿಯಲು ಹೇಳಿದ್ದು ಬೆಟ್ಟಸ್ವಾಮಿ. ಅದು ಅವನಿಗೆ ಗೊತ್ತಿದ್ದ ವಿದ್ಯೆ, ಮತ್ತು ಅದು ಸರಿಯಾಗಿತ್ತು. ಸಿದ್ದಗಂಗಮ್ಮ ಒಪ್ಪಿಕೊಂಡು ತನ್ನ ಹಿತ್ತಲಲ್ಲೂ ಹಾಗೇ ಬಿಗಿಸಿಕೊಂಡಳು. ಬೆಟ್ಟಸ್ವಾಮಿ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದ.

ಬಲೆಯ ಬುಡಕ್ಕೆ ಬಸಳೆ ತುಂಡು ನೆಟ್ಟರು. ಮಡಿಯ ಮುಂದಿನ ಭಾಗದಲ್ಲಿ ದಂಟು, ಹರಿವೆ, ಮೆಂತ್ಯ. ಇನ್ನೊಂದು ಮಡಿಯ ಬಲೆಗೆ ಹೀರೆ, ಹಾಗಲ. ಕೋಳಿ ಬಾರದಂತೆ ಸುತ್ತ ಮುಳ್ಳುಕೊಂಬೆ. ಪಾತ್ರೆ, ಅಕ್ಕಿ ತೊಳೆದ ನೀರು ಮಡಿಗೆ. ಸೋಪಿನ ನೀರು ಮಾತ್ರ ಬೇಡ.

ದಂಟು, ಮೆಂತ್ಯ ಮೊದಲು ಬಂದವು. ಬಸಳೆ ಸ್ವಲ್ಪ ತಡಮಾಡಿ ಹುರಿ ಹಿಡಿಯಿತು. ಹಿಡಿದ ಮೇಲೆ ಯಾರ ಮಾತೂ ಕೇಳಲಿಲ್ಲ. ಎಲೆಗಳೆಲ್ಲ ಎದೆಯ ಮಟ್ಟದಲ್ಲಿ, ಮಣ್ಣು ತಾಗದೆ, ದಪ್ಪಗೆ. ಸರ್ವಮಂಗಳಳ ಹೊಟ್ಟೆ ಮುಂದೆ ಬಂದಿತ್ತು, ಬಗ್ಗುವುದು ಕಷ್ಟ. ಬಗ್ಗುವ ಅಗತ್ಯವೇ ಇರಲಿಲ್ಲ. ನಿಂತ ಹಾಗೇ ಕೊಯ್ದು ಮಡಿಲಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ದಿನ ಬಸ್ಸಾರು, ಒಂದು ದಿನ ಪಲ್ಯ, ಒಂದು ದಿನ ಬೇಳೆ ಹಾಕಿ ಮಸೊಪ್ಪು. ಮೇಲೆ ನಿಂಬೆಹುಳಿ. ಮೊದಲು ಗಂಡಸರಿಗೆ ಬಡಿಸಿ ಉಳಿದದ್ದು ಸೊಸೆಗೆ ಎಂಬ ಪದ್ಧತಿಯನ್ನು ಸುವರ್ಣಮ್ಮ ತಾನಾಗಿಯೇ ಬಿಟ್ಟಳು. ಗುಳಿಗೆಯನ್ನೂ ತಾನೇ ಎದುರು ನಿಂತು ನುಂಗಿಸಿದಳು.

ಬೆಟ್ಟಸ್ವಾಮಿ ಗೊಣಗುವುದನ್ನು ಬಿಡಲಿಲ್ಲ. "ಇವತ್ತೂ ಸೊಪ್ಪಾ?" ಎನ್ನುತ್ತಿದ್ದ. ಎಂದು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ.

ಅಂಕಮ್ಮ ಬಂದು ನೋಡಿದರು. "ವಸಿ ಪರವಾಗಿಲ್ಲ. ಇನ್ನೂ ಸಾಲದು," ಎಂದರು. ಮುಂದಿನ ಸಲ ಬಂದಾಗ ಹೆಚ್ಚು ಮಾತಾಡದೆ ಬಲೆಯಿಂದ ತಮ್ಮ ಮನೆಗೂ ಒಂದು ಹಿಡಿ ಬಸಳೆ ಕೊಯ್ದುಕೊಂಡರು. ಅಂಕಮ್ಮನನ್ನು ಬಲ್ಲವರಿಗೆ ಅದರ ಅರ್ಥ ಗೊತ್ತಿತ್ತು. ಆದರೂ ಹೆರಿಗೆ ಮನೆಯಲ್ಲಿ ಬೇಡ, ಆರೋಗ್ಯ ಕೇಂದ್ರಕ್ಕೇ ಕರೆತರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದರು. ಈ ಸಲ ಯಾರೂ ವಾದ ಮಾಡಲಿಲ್ಲ. ನೋವು ಕಾಣಿಸಿಕೊಂಡ ಕೂಡಲೇ ತೋಂಟದಾರ್ಯ ಗಾಡಿ ಕಟ್ಟಿದ.

ಹೆರಿಗೆ ಸುಲಭವಾಗಿರಲಿಲ್ಲ. ರಕ್ತ ಹೋಯಿತು. ಹೊರಗೆ ಬೆಂಚಿನ ಮೇಲೆ ಬೆಟ್ಟಸ್ವಾಮಿ ಎಲೆಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಬಿಚ್ಚದೆ ಕೂತಿದ್ದ. ಬಹಳ ಹೊತ್ತಿನ ಮೇಲೆ ಅಂಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು.

"ಹೆಣ್ಣು ಮಗು. ಚೆನ್ನಾಗದೆ."

"ಅವಳು?"

"ತಡ್ಕೊಂಡ್ಲು," ಎಂದರು ಅಂಕಮ್ಮ. "ಆವತ್ತಿನ ಮೈಯಾಗಿದ್ರೆ ತಡ್ಕೊಳ್ತಿರಲಿಲ್ಲ."

ಬೆಟ್ಟಸ್ವಾಮಿ ತಲೆ ಆಡಿಸಿದ. ಆಮೇಲೆ ಎಲೆಅಡಿಕೆಯ ಚೀಲ ಬಿಚ್ಚಿದ.

ಈಗ ಅವನು ಸುತ್ತಿನ ಊರುಗಳಲ್ಲಿ ಮಡಿ, ಬಲೆಯ ವಿಷಯದಲ್ಲಿ ದೊಡ್ಡ ಪಂಡಿತ. ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಾನೆ. ಸಿದ್ದಗಂಗಮ್ಮನಿಗೆ ಮೈ ಉರಿಯುತ್ತದೆ. ಆದರೂ ಸುಮ್ಮನಿದ್ದಾಳೆ. ಯಾರ ಹೆಸರಿನಲ್ಲಾದರೂ ಆಗಲಿ, ಕಟ್ಟಿದರೆ ಸಾಕು ಎನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇದು ಬೆಟ್ಟಸ್ವಾಮಿಯ ಕತೆ ಎಂದು ನಕ್ಕು ಈ ಕಾಗದವನ್ನು ಮಡಚಿಡಬೇಡಿ. ನಿಮ್ಮ ಮನೆಯಲ್ಲೂ ಬಸುರಿ ಇರಬಹುದು, ಬಾಣಂತಿ ಇರಬಹುದು, ಬೆಳೆಯುವ ಹೆಣ್ಣುಮಗು ಇರಬಹುದು. ಅವರ ಕಣ್ಣಿನ ಕೆಳರೆಪ್ಪೆಯನ್ನು ಬೆಳಕಿನಲ್ಲಿ ನೋಡಿ. ಬೆಳ್ಳಗಿದ್ದರೆ ಇವತ್ತೇ ನರ್ಸಮ್ಮನ ಹತ್ತಿರ ಹೋಗಿ. ಅವರು ಕೊಟ್ಟ ಗುಳಿಗೆಯನ್ನು ನುಂಗಿಸಿ. ಬರೀ ಸೊಪ್ಪಿನಿಂದ ಆಗುತ್ತದೆ ಎಂದು ಗುಳಿಗೆ ಬಿಡಬೇಡಿ. ಗುಳಿಗೆ ಇದೆಯೆಂದು ಸೊಪ್ಪನ್ನೂ ಬಿಡಬೇಡಿ.

ಮಟ್ಟೆ ನಿಮ್ಮಲ್ಲಿದೆ. ನಾರು ನಿಮ್ಮಲ್ಲಿದೆ. ಗೊಬ್ಬರ, ಗೋಡು ನಿಮ್ಮಲ್ಲಿದೆ. ಇಷ್ಟೆಲ್ಲ ಇದ್ದೂ ಸಾರಿನಲ್ಲಿ ಒಂದು ಎಲೆ ಇಲ್ಲದಿದ್ದರೆ ಆ ತಪ್ಪನ್ನು ಮಳೆಯ ಮೇಲೂ ಹಾಕಬೇಡಿ, ಸರ್ಕಾರದ ಮೇಲೂ ಹಾಕಬೇಡಿ. ಈಗ ಎದ್ದು ಹಿತ್ತಲಿಗೆ ಹೋಗಿ. ದಿನವಿಡೀ ಬಿಸಿಲು ಬೀಳುವ ಜಾಗ ಯಾವುದು ನೋಡಿ. ಅಲ್ಲಿ ಏನು ಬಿದ್ದಿದೆಯೋ ಅದನ್ನು ತೆಗೆಯಿರಿ.